ಎಂಎಲ್‌ಎ ಕ್ಯಾಂಡಿಡೇಟ್‌ನ ಊರಿಗೆ ಕರೆಸಿ ಕೂರಿಸಿ ಪ್ರಶ್ನೆ ಕೇಳೋದು ಹೇಗೆ: ಕೋಲಾರದ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಎಲೆಕ್ಷನ್ ಟೈಮಲ್ಲಿ ನಮ್ಮ ಕಡೆ ಹಳ್ಳಿಗೆ ಕ್ಯಾಂಡಿಡೇಟ್ ಬಂದ್ರೆ ಹೆಂಗಿರುತ್ತೆ ನಿಮಗೆ ಗೊತ್ತೇ ಇದೆ, ತಮಟೆ, ಪಟಾಕಿ, ಹೆಣ್ಮಕ್ಕಳ ಕೈಲಿ ಆರತಿ ತಟ್ಟೆ, ಗಾಡಿ ಮೇಲಿಂದನೇ ಐದು ನಿಮಿಷ ಭಾಷಣ, ಯಾರೋ ಒಬ್ಬ ಅಜ್ಜಿ ಹತ್ರ ಹೋಗಿ ನೀರಿಲ್ಲ ಕಣಪ್ಪಾ ಅಂತಾರೆ, ಅವರು ಕೈ ಮುಗಿದು "ನಂಗೆ ಬಿಡಮ್ಮಾ, ಮಾಡಿಸ್ತೀನಿ" ಅಂತಾರೆ, ಗಾಡಿ ಮುಂದಿನ ಊರಿಗೆ ಹೋಗುತ್ತೆ. ಆ "ಮಾಡಿಸ್ತೀನಿ" ಅನ್ನೋ ಒಂದು ಮಾತು ಇದೆಯಲ್ಲ, ಅದು ಉತ್ತರ ಅಲ್ಲ, ಅದು ಪ್ರಶ್ನೆನ ಮುಗಿಸೋ ಉಪಾಯ. ನಾವು ಕೇಳೋ ರೀತಿನೇ ಆ ಮಾತಿಗೆ ಜಾಗ ಕೊಡುತ್ತೆ ಅಂತ ನನಗೆ ಅರ್ಥ ಆಗಿದ್ದು 2023ರಲ್ಲಿ, ಊರಿನ ಏಳೆಂಟು ಜನ ಸೇರಿ ಕ್ಯಾಂಡಿಡೇಟ್‌ಗಳನ್ನ ಕರೆಸಿ ಕೂರಿಸಿದಾಗ. ಇಬ್ಬರು ಬಂದ್ರು, ಒಂದೂವರೆ ಗಂಟೆ ಕೂತ್ರು, ಆದ್ರೂ ನಾವು ಬರ್ಕೊಂಡ ನೋಟ್‌ಬುಕ್ ತೆಗೆದು ನೋಡಿದ್ರೆ ಅರ್ಧಕ್ಕರ್ಧ ಪ್ರಶ್ನೆಗೆ ಎದುರಿಗೆ ಬರೀ "ಮಾಡಿಸ್ತೀನಿ" ಅಂತಲೇ ಇತ್ತು. ತಪ್ಪು ಅವರದ್ದಷ್ಟೇ ಅಲ್ಲ, ನಾವು ಕೇಳಿದ್ದೇ ಹಂಗಿತ್ತು. ಅದರಿಂದ ಕಲ್ತಿದ್ದನ್ನೆಲ್ಲ ಇಲ್ಲಿ ಬರೀತಾ ಇದೀನಿ, ಕೋಲಾರ ಜಿಲ್ಲೆ ಉದಾಹರಣೆ ಇಟ್ಕೊಂಡು, ಆದ್ರೆ ಚಿಕ್ಕಬಳ್ಳಾಪುರ ತುಮಕೂರಿನವರಿಗೂ ಹೆಚ್ಚುಕಮ್ಮಿ ಇದೇ ಆಗುತ್ತೆ.

ಮೊದಲು ಕ್ಯಾಲೆಂಡರ್ ನೋಡ್ಕೊಳ್ಳಿ

ಟೈಮ್ ತುಂಬಾ ಕಡಿಮೆ ಇರುತ್ತೆ. 2023ರಲ್ಲಿ ಏಪ್ರಿಲ್ 13ಕ್ಕೆ ಅಧಿಸೂಚನೆ, ಏಪ್ರಿಲ್ 24 ನಾಮಪತ್ರ ವಾಪಸ್ ತಗೊಳ್ಳೋಕೆ ಕೊನೆ ದಿನ, ಮೇ 10ಕ್ಕೆ ವೋಟಿಂಗ್. ವೋಟಿಂಗ್ ಮುಗಿಯೋ ಟೈಮಿಗೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕು, ಅಂದ್ರೆ ಮೇ 8ರ ಸಂಜೆಗೆ ಮುಗೀತು. ಕಣದಲ್ಲಿ ಯಾರ್ಯಾರು ಉಳಿದ್ರು ಅಂತ ಗೊತ್ತಾದ್ಮೇಲೆ ಸಿಕ್ಕಿದ್ದು ಎರಡೇ ವಾರ, ಅದರಲ್ಲಿ ಅವರು ನೂರಾರು ಹಳ್ಳಿ ಸುತ್ತಬೇಕು. ಆ ಎರಡು ವಾರದಲ್ಲಿ ಕೂತು ಪ್ರಶ್ನೆ ಬರೆಯೋಕೆ ಶುರು ಮಾಡಿದ್ರೆ ಆಗಲ್ಲ. ಮುಂದಿನ ವಿಧಾನಸಭೆ ಚುನಾವಣೆ 2028ರಲ್ಲಿ ಅಂತ ಇಟ್ಕೊಂಡ್ರೆ ಸಂಕ್ರಾಂತಿ ಮುಗೀತಿದ್ದಂಗೆ ಪ್ರಶ್ನೆ ಕಲೆಹಾಕೋ ಕೆಲಸ ಶುರು ಮಾಡಿ.

ಒಂದು ವೋಟಿಗೆ ಬೆಲೆ ಏನು ಅಂತ ಕೇಳೋರಿಗೆ ಮಾಲೂರು ನೆನಪು ಮಾಡಿ, 2023ರಲ್ಲಿ ಅಲ್ಲಿ ಘೋಷಣೆ ಆದ ಗೆಲುವಿನ ಅಂತರ ಬರೀ 248. ಒಂದು ಮೀಡಿಯಂ ಸೈಜ್ ಹಳ್ಳಿ ಅದಕ್ಕಿಂತ ದೊಡ್ಡದು. ಇದನ್ನ ಕ್ಯಾಂಡಿಡೇಟ್‌ಗಳಿಗೆ ಹೇಳೋ ಅವಶ್ಯಕತೆ ಇಲ್ಲ, ಅವರಿಗೆ ಚೆನ್ನಾಗಿ ಗೊತ್ತು, ನಮ್ಮವರಿಗೆ ಹೇಳಬೇಕು.

ಪ್ರಶ್ನೆ ಕಲೆಹಾಕೋದು

ಅರಳಿಕಟ್ಟೆ ಮೇಲೆ ಕೂತಿರೋ ಹತ್ತು ಜನ ಗಂಡಸ್ರನ್ನ ಕೇಳಿ ಊರಿನ ಪ್ರಶ್ನೆ ಇದೇ ಅಂತ ಬರ್ಕೊಳ್ಳೋದು ಎಲ್ಲರೂ ಮಾಡೋ ತಪ್ಪು. ನಾವೂ ಮೊದಲು ಅದೇ ಮಾಡಿದ್ವಿ. ನಮ್ಮ ಕಡೆ ಊರಿನ ಎಲ್ಲಾ ಮನೆಯವರೂ ದಿನಕ್ಕೆ ಎರಡು ಸಲ ಸೇರೋ ಜಾಗ ಅಂದ್ರೆ ಹಾಲಿನ ಡೈರಿ, ಬೆಳಿಗ್ಗೆ ಸಂಜೆ ಅಲ್ಲೇ ಒಂದು ಡಬ್ಬ ಇಡಿ, ಪಕ್ಕದಲ್ಲಿ ಒಬ್ಬ ಪಿಯುಸಿ ಓದೋ ಹುಡುಗೀನ ಕೂರಿಸಿ, ಬರೆಯೋಕೆ ಬರದವರು ಬಾಯಲ್ಲಿ ಹೇಳಿದ್ದನ್ನ ಅವಳು ಬರ್ಕೊಳ್ಳಲಿ. ಹುಡುಗಿನೇ ಯಾಕೆ ಅಂದ್ರೆ ಹೆಂಗಸ್ರು ಅವಳ ಹತ್ರ ಬಾತ್‌ರೂಮ್ ಸಮಸ್ಯೆ, ಬಾರ್ ಸಮಸ್ಯೆ, ಮೈಕ್ರೋ ಫೈನಾನ್ಸ್ ಕಂತಿನ ಕಾಟ ಎಲ್ಲಾ ಹೇಳ್ತಾರೆ, ನನ್ನ ಹತ್ರ ಹೇಳಲ್ಲ.

ದಲಿತರ ಕಾಲೋನಿಗೆ ನಾವೇ ಹೋಗ್ಬೇಕು, ಅವರು ಬಂದು ಹೇಳಲಿ ಅಂತ ಕಾಯಬಾರದು. 2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೇಲಿ ನೂರಕ್ಕೆ 30ರಷ್ಟು ಜನ ಪರಿಶಿಷ್ಟ ಜಾತಿಯವರು, ಆರು ಕ್ಷೇತ್ರದಲ್ಲಿ ಮುಳಬಾಗಿಲು, ಕೆಜಿಎಫ್, ಬಂಗಾರಪೇಟೆ ಮೂರು ಮೀಸಲು, ಆದ್ರೂ ಊರಿನ ಪ್ರಶ್ನೆ ಪಟ್ಟಿ ಮಾಡುವಾಗ ಸ್ಮಶಾನದ ಜಾಗ, ಕಾಲೋನಿಗೆ ಹೋಗೋ ದಾರಿ, ಹಕ್ಕುಪತ್ರ ಇವು ಕೊನೆಗೆ ಬರ್ತವೆ ಇಲ್ಲಾ ಬಿಟ್ಟೇ ಹೋಗ್ತವೆ. ಇನ್ನೊಂದು ವಿಷಯ, ನಮ್ಮ ಗಡಿ ಹಳ್ಳಿಗಳಲ್ಲಿ ಎಷ್ಟೋ ಮನೇಲಿ ಮಾತು ತೆಲುಗು. ತೆಲುಗಲ್ಲಿ ಹೇಳಿದ್ರೆ ತೆಲುಗಲ್ಲೇ ಬರ್ಕೊಳ್ಳಿ, ಆಮೇಲೆ ಕನ್ನಡಕ್ಕೆ ಮಾಡ್ಕೊಂಡ್ರಾಯ್ತು, ಅವರ ಪ್ರಶ್ನೆ ಅವರ ಬಾಯಿಂದಾನೇ ಬರ್ಲಿ.

ನೂರು ಚೀಟಿ ಬಂದ್ರೆ ಅದರಲ್ಲಿ ಮೂವತ್ತು ಒಂದೇ ಪ್ರಶ್ನೆ ಇರುತ್ತೆ. ಕೂಡ್ಸಿ, ಹತ್ತು ಪ್ರಶ್ನೆಗೆ ಇಳಿಸಿ. ಹತ್ತಕ್ಕಿಂತ ಜಾಸ್ತಿ ಬೇಡ.

ಯಾವ ಪ್ರಶ್ನೆ ಯಾರಿಗೆ

ಇದು ಬಹಳ ಮುಖ್ಯ, ಯಾಕಂದ್ರೆ ತಪ್ಪು ಮನುಷ್ಯನಿಗೆ ಕೇಳಿದ ಪ್ರಶ್ನೆಗೆ "ಮಾಡಿಸ್ತೀನಿ" ಅನ್ನೋದು ತುಂಬಾ ಸುಲಭ. ಬೀದಿ ದೀಪ, ಚರಂಡಿ, ಮನೆ ಸೈಟಿನ ದಾಖಲೆ ಅಂದ್ರೆ ಇ-ಸ್ವತ್ತಿನ ಫಾರಂ 9 ಮತ್ತು 11, ಇವೆಲ್ಲ ಗ್ರಾಮ ಪಂಚಾಯ್ತಿದು. ಶ್ರೀನಿವಾಸಪುರದ ರೈಲ್ವೆ ಕೋಚ್ ಫ್ಯಾಕ್ಟರಿ ಏನಾಯ್ತು ಅಂತ ಕೇಳ್ಬೇಕು ಅನ್ನಿಸುತ್ತೆ, ನ್ಯಾಯವಾದ ಪ್ರಶ್ನೆನೇ, ಆದ್ರೆ ರೈಲ್ವೆ ಕೇಂದ್ರದ್ದು, ಅದನ್ನ ಎಂಪಿ ಎಲೆಕ್ಷನ್‌ಗೆ ಎತ್ತಿಡಿ. ಜಿಲ್ಲಾ ಪಂಚಾಯ್ತಿ ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ್ಮೇಲೆ ವರ್ಷಗಟ್ಟಲೆ ಚುನಾವಣೆನೇ ನಡೀಲಿಲ್ಲ, ಹಂಗಾಗಿ ಅವರು ನೋಡ್ಬೇಕಿದ್ದ ಎಷ್ಟೋ ಕೆಲಸಕ್ಕೂ ಜನ ಎಂಎಲ್‌ಎ ಮನೆ ಬಾಗಿಲಿಗೇ ಹೋಗೋದು ಅಭ್ಯಾಸ ಆಗಿಬಿಟ್ಟಿದೆ, ಅದೇ ಒಂದು ಪ್ರಶ್ನೆ ಆಗ್ಬಹುದು: "ಆ ಚುನಾವಣೆ ಟೈಮಿಗೆ ಸರಿಯಾಗಿ ಮಾಡಿ ಅಂತ ನೀವು ಸದನದಲ್ಲಿ ಕೇಳ್ತೀರಾ?"

ಹಂಗಾದ್ರೆ ಎಂಎಲ್‌ಎ ಕೈಲಿ ನಿಜವಾಗ್ಲೂ ಏನಿದೆ? ಸದನದಲ್ಲಿ ಪ್ರಶ್ನೆ ಕೇಳೋದು, ಕಾನೂನು ಮತ್ತೆ ಬಜೆಟ್ ಮೇಲೆ ಮಾತಾಡೋದು. ತಾಲ್ಲೂಕಿನ ಅಭಿವೃದ್ಧಿ ಕೆಲಸ ಪರಿಶೀಲಿಸೋ ಕೆಡಿಪಿ ಮೀಟಿಂಗ್‌ನಲ್ಲಿ ಎಲ್ಲಾ ಇಲಾಖೆ ಆಫೀಸರ್‌ಗಳನ್ನ ಕೂರಿಸಿ ಲೆಕ್ಕ ಕೇಳೋದು. ಸರ್ಕಾರಿ ಜಮೀನು ಉಳುಮೆ ಮಾಡ್ಕೊಂಡಿರೋರ ಸಕ್ರಮದ ಅರ್ಜಿ ನೋಡೋ ಬಗರ್ ಹುಕುಂ ಸಮಿತಿ ಅಧ್ಯಕ್ಷತೆ. ಆಮೇಲೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ವರ್ಷಕ್ಕೆ 2 ಕೋಟಿ. ಈ 2 ಕೋಟಿ ಕೇಳಿದ್ರೆ ಜನಕ್ಕೆ ದೊಡ್ಡದಾಗಿ ಕಾಣುತ್ತೆ, ಒಂದು ಸಲ ಭಾಗಿಸಿ ನೋಡಿ, ಕ್ಷೇತ್ರದಲ್ಲಿ 250 ಹಳ್ಳಿ ಇದೆ ಅಂದ್ಕೊಂಡ್ರೆ ಒಂದು ಹಳ್ಳಿಗೆ ವರ್ಷಕ್ಕೆ 80 ಸಾವಿರ. ಅದರಲ್ಲಿ ಒಂದು ಬೋರ್‌ವೆಲ್ ಕೂಡ ಪೂರ್ತಿ ಆಗಲ್ಲ, ನಮ್ಮಲ್ಲಿ ಸಾವಿರ, ಸಾವಿರದ ಐನೂರು ಅಡಿ ಹೋಗ್ಬೇಕು. ಈ ಲೆಕ್ಕ ಗೊತ್ತಿದ್ರೆ ಕ್ಯಾಂಡಿಡೇಟ್ "ನನ್ನ ಫಂಡಲ್ಲಿ ಹಾಕ್ಸ್ತೀನಿ" ಅಂದಾಗ ನೀವು ಮುಂದಿನ ಪ್ರಶ್ನೆ ಕೇಳ್ಬಹುದು, ಯಾವ ಊರಿಗೆ ಮೊದಲು, ಯಾವ ಆಧಾರದ ಮೇಲೆ ಅಂತ.

ಪ್ರಶ್ನೆನ ಬಿಗಿ ಮಾಡೋದು

ಇಲ್ಲಿಗೆ ಜಾಸ್ತಿ ಟೈಮ್ ಕೊಡಿ. ಒಂದು ಪ್ರಶ್ನೆಗೆ "ಮಾಡಿಸ್ತೀನಿ" ಅಂತ ಉತ್ತರ ಕೊಡೋಕೆ ಆಗುತ್ತೆ ಅಂದ್ರೆ ಆ ಪ್ರಶ್ನೆ ಇನ್ನೂ ಹಸಿ, ವಾಪಸ್ ತಗೊಂಡು ತಿದ್ದಿ. ಮನೇಲಿ ಒಬ್ಬರು ಕ್ಯಾಂಡಿಡೇಟ್ ಆಗಿ ಕೂತ್ಕೊಳ್ಳಿ, ಇನ್ನೊಬ್ಬರು ಕೇಳಿ, ಜಾರಿಕೊಳ್ಳೋಕೆ ಎಲ್ಲೆಲ್ಲಿ ಸಂದು ಇದೆ ಅಂತ ಅಲ್ಲೇ ಗೊತ್ತಾಗುತ್ತೆ.

ನೀರನ್ನೇ ತಗೊಳ್ಳಿ, ನಮ್ಮ ಜಿಲ್ಲೇಲಿ ವರ್ಷ ಪೂರ್ತಿ ಹರಿಯೋ ನದಿ ಒಂದೂ ಇಲ್ಲ, ಹಂಗಾಗಿ ಮೊದಲ ಪ್ರಶ್ನೆ ಇದೇ ಬರುತ್ತೆ. "ನಮ್ಮೂರಿಗೆ ನೀರು ಕೊಡ್ತೀರಾ" ಅಂದ್ರೆ ಕೊಡ್ತೀನಿ ಅಂತಾರೆ, ಮುಗೀತು. ಆದ್ರೆ ನೀರು ಅಂದ್ರೆ ನಮ್ಮಲ್ಲಿ ನಾಲ್ಕು ಬೇರೆ ಬೇರೆ ಕಥೆ. ಕೆ.ಸಿ. ವ್ಯಾಲಿ ಒಂದು, ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಕೆರೆ ತುಂಬ್ಸೋದು, 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು, ಯೋಜನೆ ದಿನಕ್ಕೆ 440 ಎಂಎಲ್‌ಡಿ ಅಂದ್ರೆ 44 ಕೋಟಿ ಲೀಟರ್. ಅದು ಅಂತರ್ಜಲ ಮರುಪೂರಣಕ್ಕೆ, ನೇರ ಕುಡಿಯೋಕೆ ಅಲ್ಲ. ಬತ್ತಿದ್ದ ಬೋರ್‌ಗಳಲ್ಲಿ ನೀರು ಬಂದು ಬದುಕು ಸಿಕ್ಕಿದ ರೈತರೂ ಇದಾರೆ, ಮೂರನೇ ಹಂತದ ಶುದ್ಧೀಕರಣ ಆಗ್ದೆ ಬೇಡ ಅಂತ ವರ್ಷಗಳಿಂದ ಹೋರಾಡ್ತಾ ಇರೋರೂ ಇದಾರೆ, ಇಬ್ಬರ ಮಾತಲ್ಲೂ ನಿಜ ಇದೆ. ಹಂಗಾಗಿ ಪ್ರಶ್ನೆ ಹೀಗಿರ್ಲಿ: "ಮೂರನೇ ಹಂತದ ಶುದ್ಧೀಕರಣ ಬೇಕು ಅಂತೀರೋ ಬೇಡ ಅಂತೀರೋ? ಬೇಕು ಅಂದ್ರೆ ಗೆದ್ದ ಮೇಲೆ ಮೊದಲನೇ ಅಧಿವೇಶನದಲ್ಲಿ ಇದರ ಮೇಲೆ ಪ್ರಶ್ನೆ ಹಾಕ್ತೀರಾ? ನಮ್ಮ ಕೆರೆ ನೀರಿನ ಪರೀಕ್ಷೆ ವರದಿನ ಪಂಚಾಯ್ತಿ ಬೋರ್ಡ್ ಮೇಲೆ ಮೂರು ತಿಂಗಳಿಗೊಂದ್ಸಲ ಹಾಕ್ಸೋಕೆ ಕೆಡಿಪಿ ಮೀಟಿಂಗಲ್ಲಿ ಹೇಳ್ತೀರಾ?" ಇದಕ್ಕೆ ಒಂದೋ ಹೌದು ಅನ್ಬೇಕು, ಇಲ್ಲಾಂದ್ರೆ ಇಲ್ಲ ಅನ್ಬೇಕು, ಎರಡೇ ದಾರಿ.

ಪಶ್ಚಿಮ ಘಟ್ಟದ ನೀರನ್ನ ನಮ್ಮ ಕಡೆ ತರೋ ಎತ್ತಿನಹೊಳೆ ಯೋಜನೆ ಎರಡನೇದು. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು, 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಹತ್ರ ಮೊದಲ ಹಂತ ಚಾಲು, 24 ಟಿಎಂಸಿ ಲೆಕ್ಕ. "ಎತ್ತಿನಹೊಳೆ ಬರ್ತಾ ಇದೆ" ಅಂತ ಹತ್ತು ವರ್ಷದಿಂದ ಎಲ್ಲಾ ಪಾರ್ಟಿಯವರೂ ಹೇಳ್ಕೊಂಡೇ ಬಂದಿದಾರೆ. ಕೇಳ್ಬೇಕಿರೋದು ಬರುತ್ತಾ ಅಂತ ಅಲ್ಲ. "ನಮ್ಮ ತಾಲ್ಲೂಕಿಗೆ ಲೈನ್ ಕೆಲಸ ಇವತ್ತಿಗೆ ಎಲ್ಲಿಗೆ ಬಂದು ನಿಂತಿದೆ, ಯಾವ ತಕರಾರಿಗೆ ನಿಂತಿದೆ, ನಮ್ಮ ಪಾಲು ಎಷ್ಟು" ಅಂತ ಕೇಳಿ. ಉತ್ತರ ಗೊತ್ತಿಲ್ಲ ಅಂದ್ರೆ ಅದೂ ಒಂದು ಉತ್ತರಾನೇ, ಬರ್ಕೊಳ್ಳಿ. ಯರಗೋಳ್ ಡ್ಯಾಂ 2023ರ ನವೆಂಬರ್‌ನಲ್ಲಿ ಉದ್ಘಾಟನೆ ಆಯ್ತು, ಅದು ಕೋಲಾರ, ಬಂಗಾರಪೇಟೆ, ಮಾಲೂರು ಟೌನ್‌ಗಳ ಕುಡಿಯೋ ನೀರಿಗೆ, ಹಂಗಾಗಿ ಟೌನಿನವರು ವಾರಕ್ಕೆ ಎಷ್ಟು ಸಲ, ಯಾವ ವಾರ್ಡಿಗೆ ಅಂತ ಕೇಳ್ಬೇಕು. ಕೊನೇದು ಜಲಜೀವನ್ ಮಿಷನ್ ಹಾಕಿರೋ ಮನೆಮನೆ ನಲ್ಲಿ, ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ನಿಯಮ. ಮನೆ ಮುಂದೆ ನಲ್ಲಿ ಇದೆ, ಮೀಟರ್ ಇದೆ, ಆದ್ರೆ ಆ ಪೈಪಿಗೆ ನೀರು ಯಾವ ಮೂಲದಿಂದ? ಅದೇ ಹಳೇ ಬೋರ್ ಆದ್ರೆ, ಅದರಲ್ಲಿ ಫ್ಲೋರೈಡ್ ಇದ್ರೆ? ಕೆಟ್ಟು ನಿಂತಿರೋ ಶುದ್ಧ ನೀರಿನ ಘಟಕದ ರಿಪೇರಿಗೆ ಯಾರು ಹೊಣೆ? ಹಿಂಗೆ ಒಂದೊಂದಾಗಿ ಬಿಡಿಸ್ಕೊಂಡು ಹೋಗಿ.

ಟೊಮೇಟೊ ವಿಷಯದಲ್ಲೂ ಅಷ್ಟೆ. 2023ರ ಜುಲೈಲಿ 15 ಕೆಜಿ ಬಾಕ್ಸ್ 2 ಸಾವಿರ ದಾಟಿದ್ದೂ ನೋಡಿದೀವಿ, ಕೂಲಿ ಗಿಟ್ಟದೆ ರೋಡ್ ಪಕ್ಕ ಸುರಿದಿದ್ದೂ ನೋಡಿದೀವಿ. ಪ್ರತಿ ಎಲೆಕ್ಷನ್‌ಗೂ ಒಬ್ಬರಾದ್ರೂ "ಪ್ರೊಸೆಸಿಂಗ್ ಯೂನಿಟ್ ತರ್ತೀನಿ" ಅಂತಾರೆ. ಕೇಳೋಕೆ ಚೆನ್ನಾಗಿರುತ್ತೆ. ಆದ್ರೆ ನಾವು ಬೆಳೆಯೋ ಹೈಬ್ರಿಡ್ ಮಾರ್ಕೆಟ್ಟಿಗೆ ಆಗೋ ಹಣ್ಣು, ದೂರ ಲಾರಿಲಿ ಹೋದ್ರೂ ತಡೆಯೋ ಗಟ್ಟಿ ಹಣ್ಣು, ಸಾಸ್ ಪೇಸ್ಟ್ ಮಾಡೋಕೆ ಬೇಕಾಗಿರೋದು ನೀರು ಕಡಿಮೆ ತಿರುಳು ಜಾಸ್ತಿ ಇರೋ ತಳಿ. ಹಂಗಾಗಿ ಕೇಳಿ: "ಯಾವ ತಳಿ ತಗೊಳ್ತಾರೆ, ಮೊದಲೇ ರೇಟ್ ಒಪ್ಪಂದ ಇರುತ್ತಾ, ನಡೆಸೋದು ಸರ್ಕಾರನಾ ಸಹಕಾರ ಸಂಘನಾ ಪ್ರೈವೇಟಾ?" ಮಂಡಿ ವಿಷಯಕ್ಕೆ ಬಂದ್ರೆ ರೈತನ ಬಿಲ್ಲಲ್ಲಿ ಕಮಿಷನ್ ಮುರಿಯೋದು ಕಾನೂನಿಗೆ ವಿರುದ್ಧ, ನನ್ನ ಬಿಲ್ಲಲ್ಲೇ ಎಷ್ಟೋ ಸಲ ಮುರಿದಿದಾರೆ, ಆ ಬಿಲ್ ಜೆರಾಕ್ಸ್ ಮಾಡಿಸಿ ಇಟ್ಕೊಳ್ಳಿ, ಕ್ಯಾಂಡಿಡೇಟ್ ಕೈಗೆ ಕೊಟ್ಟು ಇದನ್ನ ನಿಲ್ಲಿಸೋಕೆ ಏನು ಮಾಡ್ತೀರಾ ಅಂತ ಕೇಳಿ. ಕಾಗದ ಕೈಲಿದ್ದಾಗ ಉತ್ತರದ ಧಾಟಿನೇ ಬದಲಾಗುತ್ತೆ. ಶ್ರೀನಿವಾಸಪುರದ ಮಾವಿನವರಿಗೆ 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಕಡೆ ನಮ್ಮ ತೋತಾಪುರಿ ಹಣ್ಣು ಒಳಗೆ ಬಿಡಲ್ಲ ಅಂದಾಗ ಆದ ಸಂಕಟ ಮರೆಯೋ ಹಾಗಿಲ್ಲ, ನಮ್ಮ ಹಣ್ಣಿಗೆ ಪಕ್ಕದ ರಾಜ್ಯದ ಪಲ್ಪ್ ಫ್ಯಾಕ್ಟರಿನೇ ಗತಿ ಆಗಿರೋದಕ್ಕೆ ನಿಮ್ಮ ದಾರಿ ಏನು ಅಂತ ಅವರು ಕೇಳ್ಬೇಕು.

ಬಗರ್ ಹುಕುಂ ಪ್ರಶ್ನೆ ಚಿಕ್ಕದಾಗಿ ಇರ್ಲಿ. "ಸಕ್ರಮಕ್ಕೆ ಫಾರಂ 57ರಲ್ಲಿ ಹಾಕಿರೋ ಅರ್ಜಿಗಳಿಗೆ ವರ್ಷಕ್ಕೆ ಎಷ್ಟು ಸಲ ಸಮಿತಿ ಸಭೆ ಮಾಡ್ತೀರಾ?" ಅಷ್ಟೆ. ಒಂದು ನಂಬರ್ ಬರ್ಬೇಕು ಬಾಯಿಂದ.

ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶದ ಸುತ್ತ ಇರೋರು ಕೆಲಸದ ಪ್ರಶ್ನೆ ಕೇಳೇ ಕೇಳ್ತಾರೆ. ಸ್ಥಳೀಯರಿಗೆ ಕೆಲಸ ಅಂತ ಬಿಟ್ರೆ ಆಗಲ್ಲ, ಪರ್ಮನೆಂಟಾ ಕಾಂಟ್ರಾಕ್ಟಾ, ಜಮೀನು ಕೊಟ್ಟ ಮನೆಗೆ ಎಷ್ಟು, ರಾತ್ರಿ ಶಿಫ್ಟ್ ಹೆಣ್ಮಕ್ಕಳಿಗೆ ಬಸ್ ಯಾವುದು ಅಂತ ಕೇಳಿ. ಕೆಜಿಎಫ್‌ನವರದ್ದು ಬೇರೆನೇ ನೋವು, 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ್ಮೇಲೆ ಒಂದು ತಲೆಮಾರು ಬೆಳಗಿನ ಜಾವದ ಟ್ರೈನಲ್ಲೇ ಬೆಂಗಳೂರಿಗೆ ಓಡಾಡಿ ಮುದುಕರಾದ್ರು, ಗಣಿ ತ್ಯಾಜ್ಯ ಸುರಿದಿರೋ ಸೈನೈಡ್ ಗುಡ್ಡದ ಧೂಳು ಇನ್ನೂ ಬೇಸಿಗೆ ಗಾಳಿಗೆ ಏಳುತ್ತೆ. ಅದಕ್ಕೆ ಅಲ್ಲಿನವರೇ ಕೂತು ಪ್ರಶ್ನೆ ಬರೀಬೇಕು, ನಾನು ಹೊರಗಿನವನು.

ಅಫಿಡವಿಟ್ ಓದಿ

ನಾಮಪತ್ರದ ಜೊತೆ ಫಾರಂ 26 ಅಂತ ಪ್ರಮಾಣಪತ್ರ ಕೊಡ್ತಾರೆ, ಆಸ್ತಿ, ಸಾಲ, ಸರ್ಕಾರಕ್ಕೆ ಬಾಕಿ, ಓದು, ಕೇಸು ಎಲ್ಲಾ ಇರುತ್ತೆ. ಚುನಾವಣಾ ಆಯೋಗದ ವೆಬ್‌ಸೈಟಲ್ಲಿ, ನೋ ಯುವರ್ ಕ್ಯಾಂಡಿಡೇಟ್ ಆ್ಯಪಲ್ಲಿ ಫ್ರೀಯಾಗಿ ಸಿಗುತ್ತೆ. ಹಾಲಿ ಎಂಎಲ್‌ಎ ಮತ್ತೆ ನಿಂತಿದ್ರೆ ವಿಧಾನಸಭೆ ವೆಬ್‌ಸೈಟಲ್ಲಿ ಅವರು ಕೇಳಿದ ಪ್ರಶ್ನೆ, ಮಂತ್ರಿಗಳು ಕೊಟ್ಟ ಉತ್ತರ ಇರುತ್ತೆ, ಅದನ್ನೂ ಪ್ರಿಂಟ್ ತೆಗೀರಿ. ಇದು ಅವಮಾನ ಮಾಡೋಕೆ ಅಲ್ಲ, ಪ್ರಶ್ನೆ ಕೇಳುವಾಗ ಗಾಳಿಮಾತು ಆಡಬಾರದು ಅಂತ.

ಜಾಗ, ಪರ್ಮಿಷನ್, ಪತ್ರ

ದೇವಸ್ಥಾನ, ಮಸೀದಿ, ಚರ್ಚ್ ಆವರಣ ಬೇಡ, ನೀತಿ ಸಂಹಿತೇಲಿ ಅವಕಾಶ ಇಲ್ಲ. ನಾಗರಕಲ್ಲು ಇರೋ ಅರಳಿಕಟ್ಟೆನೂ ಬೇಡ, ಅಲ್ಲಿಗೆ ಊರಿನ ಎಲ್ಲರೂ ಸರಾಗವಾಗಿ ಬಂದು ಕೂರ್ತಾರಾ ಅಂತ ನಿಮ್ಮನ್ನ ನೀವೇ ಕೇಳ್ಕೊಳ್ಳಿ. ಯಾರ್ದಾದ್ರೂ ಮಾವಿನ ತೋಪು ಒಳ್ಳೇದು, ಓನರ್ ಹತ್ರ ಬರವಣಿಗೇಲಿ ಒಪ್ಪಿಗೆ ತಗೊಳ್ಳಿ. ಸಭೆಗೆ, ಮೈಕಿಗೆ ಎರಡಕ್ಕೂ ಪರ್ಮಿಷನ್ ಬೇಕು, ತಾಲ್ಲೂಕು ಆಫೀಸಲ್ಲಿ ಚುನಾವಣಾಧಿಕಾರಿ ಕಡೆಯ ಸಿಂಗಲ್ ವಿಂಡೋಲಿ ಕೇಳಿ, ರಾತ್ರಿ 10ರ ಮೇಲೆ ಮೈಕ್ ಇಲ್ಲ. ಊಟ ಹಾಕ್ಬೇಡಿ, ಯಾರಾದ್ರೂ ಕ್ಯಾಂಡಿಡೇಟ್ ಕಡೆಯವರು ಶಾಮಿಯಾನ ನಾವು ಹಾಕಿಸ್ತೀವಿ ಅಂದ್ರೆ ಒಪ್ಕೋಬೇಡಿ, ಒಂದು ಲೋಟ ಕಾಫಿ ಖರ್ಚೂ ಅವರಿಂದ ಬರಬಾರದು. ಮನೆಗೆ 20 ರೂಪಾಯಿ ಎತ್ತಿದ್ರೆ ಕುರ್ಚಿ ಮೈಕ್ ಬಾಡಿಗೆ ಆಗುತ್ತೆ.

ಕಣದಲ್ಲಿರೋ ಎಲ್ಲರಿಗೂ, ಪಕ್ಷೇತರರಿಗೂ, ಒಂದೇ ಪತ್ರ ಒಂದೇ ದಿನ ಕೊಡಿ, ಸ್ವೀಕೃತಿ ಸೈನ್ ತಗೊಳ್ಳಿ. ಹತ್ತು ಪ್ರಶ್ನೆನೂ ಪತ್ರದ ಜೊತೇಲೇ ಕಳ್ಸಿ. ಮೊದಲೇ ಕಳ್ಸಿದ್ರೆ ರೆಡಿಯಾಗಿ ಬರ್ತಾರಲ್ಲ ಅಂತ ಕೆಲವರು ಬೇಡ ಅಂತಾರೆ, ನಾನು ಒಪ್ಪಲ್ಲ. ರೆಡಿಯಾಗಿ ಬರ್ಲಿ ಅಂತಾನೇ ನಮ್ಮ ಆಸೆ, ಆಫೀಸರ್‌ಗಳನ್ನ ಕೇಳಿ ತಿಳ್ಕೊಂಡು ಬಂದ್ರೆ ಊರಿಗೇ ಲಾಭ.

ಆ ದಿನ ಸಂಜೆ

ಹಾರ, ಶಾಲು, ಪೇಟ, ಆರತಿ, ಜೈಕಾರ ಯಾವುದೂ ಇಲ್ಲ ಅಂತ ಪತ್ರದಲ್ಲೇ ಬರ್ದಿರಿ, ನಮ್ಮ ಸಭೇಲಿ ಬರೀ ಸನ್ಮಾನಕ್ಕೇ ಇಪ್ಪತ್ತು ನಿಮಿಷ ಹೋಗಿತ್ತು. ಯಾರು ಮೊದಲು ಮಾತಾಡ್ಬೇಕು ಅನ್ನೋದಕ್ಕೆ ಚೀಟಿ ಎತ್ತಿ. ಒಂದು ಪ್ರಶ್ನೆಗೆ ಎರಡು ನಿಮಿಷ, ಕೇಳಿದವರಿಗೆ ಒಂದು ಮರುಪ್ರಶ್ನೆ, ಅದಕ್ಕೆ ಒಂದು ನಿಮಿಷ. ಫೋನಲ್ಲಿ ಟೈಮರ್ ಇಟ್ಟು ಬೆಲ್ ಹೊಡೀರಿ. ನಡೆಸೋರು ಯಾವ ಪಾರ್ಟಿಗೂ ಓಡಾಡದ ಮನುಷ್ಯ ಆಗಿರ್ಬೇಕು, ರಿಟೈರ್ಡ್ ಟೀಚರ್ ಸಿಕ್ಕಿದ್ರೆ ಒಳ್ಳೇದು, ಮಕ್ಕಳನ್ನ ಸುಮ್ಮನಿರಿಸಿ ಅಭ್ಯಾಸ ಇರುತ್ತೆ.

ಪ್ರಶ್ನೆ ಬರೆದವರೇ ಎದ್ದು ಕೇಳ್ಲಿ. ಮೊದಲ ಮೂರು ಪ್ರಶ್ನೇಲಿ ಎರಡು ಹೆಂಗಸ್ರದ್ದೇ ಇಡಿ, ಮೊದಲು ಗಂಡಸ್ರು ಶುರು ಮಾಡಿದ್ರೆ ಆಮೇಲೆ ಅವರು ಏಳೋದೇ ಇಲ್ಲ.

"ಮಾಡಿಸ್ತೀನಿ" ಬಂದೇ ಬರುತ್ತೆ. ಆಗ ಮರುಪ್ರಶ್ನೆಗೆ ಮೂರು ಮಾತು ಎಲ್ಲರಿಗೂ ಬಾಯಿಪಾಠ ಮಾಡ್ಸಿರಿ: ಯಾವ ಇಲಾಖೆಯಿಂದ, ಯಾವ ದುಡ್ಡಲ್ಲಿ, ಮೊದಲ ಆರು ತಿಂಗಳಲ್ಲಿ ಏನು. ದನಿ ಎತ್ತರಿಸಬೇಕಿಲ್ಲ. ಜಾತಿ, ಮನೆ ವಿಷಯ ಯಾರಾದ್ರೂ ಎತ್ತಿದ್ರೆ ನಡೆಸೋರು ಅಲ್ಲೇ ನಿಲ್ಲಿಸ್ಬೇಕು.

ಕ್ಯಾಂಡಿಡೇಟ್‌ಗಳು ಇದನ್ನ ಓದ್ತಾ ಇದ್ರೆ ಅವರಿಗೂ ಒಂದು ಮಾತು. ನಮ್ಮ ಸಭೇಲಿ ಒಬ್ಬರು ಒಂದು ರಸ್ತೆ ವಿಷಯಕ್ಕೆ "ಅದು ಫಾರೆಸ್ಟ್ ಜಾಗ, ಐದು ವರ್ಷದಲ್ಲಿ ನನ್ನ ಕೈಲಿ ಆಗುತ್ತೆ ಅಂತ ಹೇಳೋಕೆ ಆಗಲ್ಲ, ಬದಲಿ ದಾರಿ ಸರ್ವೆ ಮಾಡ್ಸೋಕೆ ಅರ್ಜಿ ಕೊಡಬಲ್ಲೆ" ಅಂದ್ರು. ಇಡೀ ಸಂಜೇಲಿ ಜನ ಸದ್ದಿಲ್ಲದೆ ಕೇಳಿಸ್ಕೊಂಡ ಉತ್ತರ ಅದೊಂದೇ. ಆಗಲ್ಲ ಅಂದ್ರೆ ವೋಟ್ ಹೋಗುತ್ತೆ ಅನ್ನೋ ಭಯ ಬಿಡಿ.

ಬರದೇ ಇರೋರ ಬಗ್ಗೆ ಸ್ಟೇಜ್ ಮೇಲೆ ಟೀಕೆ ಬೇಡ, ಪತ್ರ ಇಂಥ ದಿನ ಕೊಟ್ಟಿದ್ವಿ, ಬಂದಿಲ್ಲ ಅಂತ ಒಂದು ಸಾಲು ಸಾಕು. ಅವರ ಕಡೆಯವರು ಬಂದ್ರೆ ಮಾತಾಡೋಕೆ ಬಿಡಿ, ಆದ್ರೆ ನೋಟ್‌ಬುಕ್ಕಲ್ಲಿ ಪ್ರತಿನಿಧಿ ಹೇಳಿದ್ದು ಅಂತಲೇ ಬರೀರಿ.

ಇಬ್ಬರು ಬೇರೆ ಬೇರೆ ಕೂತು ಉತ್ತರ ಬರ್ಕೊಳ್ಳಿ, ಅವರಾಡಿದ ಮಾತಲ್ಲೇ. ವಿಡಿಯೋ ಪೂರ್ತಿ ಮಾಡಿ, ವಾಟ್ಸಾಪ್‌ಗೆ ಹಾಕೋದಾದ್ರೆ ಕತ್ತರಿಸ್ದೆ ಪೂರ್ತಿನೇ ಹಾಕಿ, ಮೂವತ್ತು ಸೆಕೆಂಡ್ ತುಂಡು ಮಾಡಿದ್ರೆ ನೀವೂ ಯಾವುದೋ ಪಾರ್ಟಿ ಆಗಿಬಿಡ್ತೀರಾ. ಕೊನೇಲಿ ಅವರ ಉತ್ತರ ಅವರಿಗೇ ಓದಿ ಹೇಳಿ, ಸರಿ ಇದ್ರೆ ಸೈನ್ ಹಾಕಿ ಅಂತ ಕೇಳಿ. ಹಾಕಲ್ಲ ಅಂದ್ರೆ ಬಲವಂತ ಇಲ್ಲ, ಓದಿ ಹೇಳಿದ್ದನ್ನ ವಿಡಿಯೋ ಹಿಡ್ಕೊಂಡಿರುತ್ತೆ. ಸಭೆ ಮುಗಿದ್ಮೇಲೆ ಯಾರಾದ್ರೂ ದುಡ್ಡಿನ ಕವರ್ ಹಂಚೋಕೆ ಬಂದ್ರೆ ಚುನಾವಣಾ ಆಯೋಗಕ್ಕೆ ದೂರು ಕೊಡೋ ಸಿ-ವಿಜಿಲ್ ಆ್ಯಪಲ್ಲಿ ಫೋಟೋ ಸಮೇತ ಹಾಕಿ, ಇಲ್ಲಾ 1950ಕ್ಕೆ ಫೋನ್ ಮಾಡಿ.

ರಿಸಲ್ಟ್ ಆದ್ಮೇಲೆ

ಗೆದ್ದವರ ಉತ್ತರದ ಒಂದು ಪ್ರತಿ ಅವರ ಆಫೀಸಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಸೋತವರಿಗೂ ಅವರದ್ದು ಕೊಡಿ, ಮುಂದಿನ ಸಲ ಅವರೇ ಬರ್ತಾರೆ. ಆರು ತಿಂಗಳಾದ್ಮೇಲೆ ನೋಟ್‌ಬುಕ್ ತೆಗೆದು ಒಂದೊಂದೇ ಉತ್ತರದ ಎದುರು ಏನಾಯ್ತು ಅಂತ ಬರೀರಿ. ಸದನದಲ್ಲಿ ಪ್ರಶ್ನೆ ಹಾಕ್ತೀನಿ ಅಂದಿದ್ರೆ ವೆಬ್‌ಸೈಟಲ್ಲಿ ಹುಡುಕಿ. ನಿಧಿಯಿಂದ ಕೆಲಸ ಮಾಡಿಸ್ತೀನಿ ಅಂದಿದ್ರೆ ಡಿಸಿ ಆಫೀಸಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಫೀಸು 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡ್ಬೇಕು. ಅರ್ಜೀಲಿ "ನಮ್ಮ ಕ್ಷೇತ್ರದಲ್ಲಿ ಈ ವರ್ಷ ಶಾಸಕರ ನಿಧಿಯಿಂದ ಮಂಜೂರಾದ ಕಾಮಗಾರಿಗಳ ಪಟ್ಟಿ, ಊರು, ಮೊತ್ತ, ಮುಗಿದ ದಿನಾಂಕ ಸಮೇತ" ಅಂತ ಬರೆದ್ರೆ ಸಾಕು. ನಮ್ಮ ನೋಟ್‌ಬುಕ್ ಡೈರಿ ಸೆಕ್ರೆಟರಿ ಟೇಬಲ್ ಡ್ರಾಯರಲ್ಲಿದೆ, ಹಾಲು ಹಾಕೋಕೆ ಬಂದ ಯಾರು ಬೇಕಾದ್ರೂ ತೆಗೆದು ಓದ್ಬಹುದು, ಬದಲಿ ದಾರಿ ಸರ್ವೆ ಅರ್ಜಿ ಎದುರಿಗೆ ಇನ್ನೂ ಏನೂ ಬರ್ದಿಲ್ಲ.